ಪ್ರೊಸೆಸ್ ಚಾಲೂ ಇತ್ತು, ನೀರು ಬರಲಿಲ್ಲ

2023ರಲ್ಲಿ ನಾನು ಅಣ್ಣಿಗೇರಿ ಊರಾಚೆಯ ಒಂದು ಕಂಟ್ರೋಲ್ ರೂಮಿನಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಅಲ್ಲಿಂದ ಹದಿನಾಲ್ಕು ಹಳ್ಳಿಗಳಿಗೆ ಕುಡಿಯುವ ನೀರು ಹಂಚಿಕೆಯಾಗುತ್ತಿತ್ತು. ನಡೆಸುವ ಗುತ್ತಿಗೆ ಒಂದು ಖಾಸಗಿ ಕಂಪನಿಯದು. ಅದರ ಹೆಸರು ಬರೆದು ಜಾಗ ಕೆಡಿಸುವುದಿಲ್ಲ. ಅದಕ್ಕೂ ಮೊದಲು ದೂರವಾಣಿ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಸ್ವಯಂ ನಿವೃತ್ತಿ ಪಡೆದಿದ್ದೆ. ಮನೆಯಲ್ಲಿ ಕುಳಿತ ಮೂರೇ ತಿಂಗಳಿಗೆ ಗೋಡೆಗಳ ಮೇಲೂ ಸಿಟ್ಟು ಬರತೊಡಗಿದ್ದರಿಂದ ಈ ಕೆಲಸ ಒಪ್ಪಿಕೊಂಡೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನನ್ನ ಅತ್ತೆಯವರು ನನ್ನ ಮುಖ ನೋಡಿಯೇ ಹೇಳುತ್ತಿದ್ದರು. ಹುಬ್ಬಳ್ಳಿಯಿಂದ ವಾರಕ್ಕೆ ಮೂರು ದಿನ ರೈಲಿನಲ್ಲಿ ಬಂದು ಹೋಗುತ್ತಿದ್ದೆ, ಉಳಿದ ದಿನ ಮನೆಯಿಂದಲೇ ಕೆಲಸ.

ಕೆಲಸದ ಸ್ವರೂಪ ಇಷ್ಟು. ದೊಡ್ಡ ಟ್ಯಾಂಕಿನಿಂದ ಹೊರಟ ಪೈಪು ಕವಲೊಡೆದು ಹಳ್ಳಿಗಳಿಗೆ ಹೋಗುತ್ತದೆ. ಪ್ರತಿ ಕವಲಿಗೂ ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್ ಇದೆ. ಯಾವ ಹಳ್ಳಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನೀರು ಎಂಬ ಪಾಳಿಯ ಪಟ್ಟಿ ನಮ್ಮ ಸರ್ವರಿನಲ್ಲಿತ್ತು. ಆ ಪಟ್ಟಿ ನೋಡಿ, ಗಡಿಯಾರ ನೋಡಿ, ವಾಲ್ವ್‌ಗಳಿಗೆ ಆಜ್ಞೆ ಕಳಿಸುವುದು ಒಂದು ಪ್ರೋಗ್ರಾಂ. ಓಡುತ್ತಿರುವ ಪ್ರೋಗ್ರಾಂಗೆ ನಮ್ಮ ಭಾಷೆಯಲ್ಲಿ ಪ್ರೊಸೆಸ್ ಎನ್ನುತ್ತೇವೆ. ಪ್ರೊಸೆಸ್ ಸತ್ತರೆ ವಾಲ್ವ್‌ಗಳು ಇದ್ದ ಸ್ಥಿತಿಯಲ್ಲೇ ಉಳಿಯುತ್ತವೆ. ನಾನು ಸೇರಿದಾಗ ಅದು ವಾರಕ್ಕೆರಡು ಸಲ ಸಾಯುತ್ತಿತ್ತು. ಪ್ರತಿ ಸಾವಿಗೂ ಹುಬ್ಬಳ್ಳಿಯ ಮ್ಯಾನೇಜರ್ ಸಾಹೇಬರಿಂದ ನನಗೆ ಬೈಗುಳ.

ಜನವರಿ ಕೊನೆಯಲ್ಲಿ ನಾನೊಂದು ಶೆಲ್ ಸ್ಕ್ರಿಪ್ಟ್ ಬರೆದೆ. ಶೆಲ್ ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ನಾವು ಬರೆದುಕೊಡುವ ಆಜ್ಞೆಗಳ ಚೀಟಿ. ನನ್ನ ಚೀಟಿ ಹದಿನೇಳು ಸಾಲಿನದು. ಐದು ನಿಮಿಷಕ್ಕೊಮ್ಮೆ ಅದು ಎದ್ದು, ಸರ್ವರಿನಲ್ಲಿ ಓಡುತ್ತಿರುವ ಪ್ರೊಸೆಸ್‌ಗಳ ಪಟ್ಟಿ ತೆಗೆದು, ಅದರಲ್ಲಿ ನಮ್ಮ ಪ್ರೊಸೆಸ್ಸಿನ ಹೆಸರು ಇದೆಯೇ ಎಂದು ಹುಡುಕುತ್ತಿತ್ತು. ಇದ್ದರೆ ಲಾಗ್ ಫೈಲಿನಲ್ಲಿ ‘ರನ್ನಿಂಗ್’ ಎಂದು ಒಂದು ಸಾಲು ಬರೆಯುವುದು. ಇಲ್ಲದಿದ್ದರೆ ಅದನ್ನು ಮತ್ತೆ ಎಬ್ಬಿಸಿ, ನನಗೂ ಸಾಹೇಬರಿಗೂ ಎಸ್ಎಂಎಸ್ ಕಳಿಸುವುದು. ಫೆಬ್ರುವರಿಯಿಂದ ಬೈಗುಳ ನಿಂತಿತು. ಆ ಹದಿನೇಳು ಸಾಲಿನ ಮೇಲೆ ನನಗೆ ಬಂದ ಗರ್ವ ಹೊತ್ತುಕೊಂಡು ತಿರುಗಲು ಒಂದು ಗಾಡಿ ಬೇಕಿತ್ತು.

ಕೇಸು ಶುರುವಾದದ್ದು ತಿರ್ಲಾಪುರದ ಆಚೆಗಿನ ಒಂದು ಹಳ್ಳಿಯಿಂದ. ಆ ಹಳ್ಳಿಯ ಪಾಳಿ ಪ್ರತಿದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ. ಫೆಬ್ರುವರಿಯಲ್ಲಿ ಒಂದು ದಿನ ನೀರು ಬರಲಿಲ್ಲವೆಂದು ದೂರು ಬಂತು. ಕೆರೆಯಲ್ಲಿ ನೀರಿತ್ತು, ಜನ ಸುಮ್ಮನಾದರು. ಮಾರ್ಚಿನಲ್ಲಿ ಯುಗಾದಿಯ ಹಿಂದಿನ ದಿನ ಮತ್ತೆ ತಪ್ಪಿತು. ಹಬ್ಬಕ್ಕೆ ಮನೆ ತೊಳೆಯಬೇಕು, ತಲೆಗೆ ಎರೆದುಕೊಳ್ಳಬೇಕು, ಅವತ್ತೇ ನಳ ಒಣಗಿದರೆ ಯಾರು ಸುಮ್ಮನಿರುತ್ತಾರೆ? ಏಪ್ರಿಲಿನಲ್ಲಿ ಮೂರನೇ ಸಲ ತಪ್ಪಿದಾಗ ಕೆರೆ ಬತ್ತಿತ್ತು. ಹೆಂಗಸರು ಖಾಲಿ ಕೊಡಗಳನ್ನು ತಂದು ಪಂಚಾಯಿತಿ ಬಾಗಿಲಿಗೆ ಒಟ್ಟಿ, ಬೀಗ ಜಡಿದರು. ಚುನಾವಣೆ ಎದುರಿಗಿತ್ತು. ಮೇಲಿನವರಿಗೆಲ್ಲ ತಕ್ಷಣ ಒಬ್ಬ ತಪ್ಪಿತಸ್ಥ ಬೇಕಾಗಿದ್ದ.

ಸಿಕ್ಕವರು ಮಕ್ತುಂಸಾಬ. ಆ ಹಳ್ಳಿಯ ನೀರಗಂಟಿ. ಹತ್ತೊಂಬತ್ತು ವರ್ಷದಿಂದ ಮೇಲ್ತೊಟ್ಟಿಯ ಕೀಲಿ ಅವರ ಸೊಂಟದಲ್ಲಿತ್ತು. ತೊಟ್ಟಿಯ ಬುಡದಲ್ಲಿ ಕೈಯಿಂದ ತಿರುಗಿಸುವ ಹಳೆಯ ವಾಲ್ವ್ ಒಂದಿದೆ. ಅದನ್ನು ತಿರುಗಿಸಿದರೆ ನೀರು ತೊಟ್ಟಿಗೆ ಏರದೆ ಪಕ್ಕದ ಹೊಲದ ಕೃಷಿ ಹೊಂಡಕ್ಕೆ ಹೋಗುತ್ತದೆ. ಹೊಲದ ಧಣಿ ಪ್ರಭಾವಿ. ಸರ್ವರಿನ ದಾಖಲೆಯಲ್ಲಿ ಮೂರೂ ದಿನ ‘ಪಾಳಿ ಪೂರ್ಣ’ ಎಂದಿತ್ತು. ನೀರು ಕಳಿಸಿದ್ದು ನಿಜವಾದರೆ, ತೊಟ್ಟಿಗೆ ಬಾರದಿದ್ದುದೂ ನಿಜವಾದರೆ, ನಡುವೆ ಇದ್ದವನೇ ಕಳ್ಳ. ಎರಡನೇ ತರಗತಿಯ ಗಣಿತ. ಇದನ್ನು ಖಚಿತಪಡಿಸಲು ನನ್ನನ್ನು ಕರೆದರು.

ರಂಜಾನ್ ಮುಗಿದ ವಾರ ಪಂಚಾಯಿತಿ ಸಭಾಭವನದಲ್ಲಿ ವಿಚಾರಣೆ ನಡೆಯಿತು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ನಮ್ಮ ಮ್ಯಾನೇಜರ್ ಸಾಹೇಬರು, ನಾನು ಮೇಜಿನ ಹಿಂದೆ. ಸುಮಾರು ಎಂಬತ್ತು ಜನ ನೆಲದ ಮೇಲೆ. ಮಕ್ತುಂಸಾಬ ನಡುವೆ ನಿಂತುಕೊಂಡು. ಕೂರಲು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಲ್ಯಾಪ್‌ಟಾಪ್ ತೆರೆದು ನನ್ನ ಲಾಗ್ ಓದಿದೆ. ಹತ್ತರಿಂದ ಹನ್ನೊಂದೂವರೆಯವರೆಗೆ ಹತ್ತೊಂಬತ್ತು ಸಾಲು. ಹತ್ತೊಂಬತ್ತರಲ್ಲೂ ‘ರನ್ನಿಂಗ್’. ಮೂರು ದಿನಕ್ಕೆ ಐವತ್ತೇಳು. ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ಅವಶ್ಯಕತೆ ಇರಲಿಲ್ಲ, ಆದರೆ ಸಭೆ ಕೇಳುತ್ತಿತ್ತು, ನನಗೆ ಓದುವ ಉಮೇದು ಬಂದಿತ್ತು.

ಓದಿ ಮುಗಿಸಿದ ಮೇಲೆ ಮಕ್ತುಂಸಾಬ ಹೇಳಿದರು: “ಮೇಡಮ್ಮಾರ, ಒಂದ ಮಾತ್ರಿ. ನೀರ ತಪ್ಪಿದ್ದು ಮೂರ ಸಲ. ಮೂರೂ ಸಲ ಅಮಾಸಿ ದಿನಾನ. ನಾವು ಚಂದ್ರನ್ನ ನೋಡೂ ಮಂದಿ, ನಮಗ ಅದರ ಲೆಕ್ಕ ತಪ್ಪಂಗಿಲ್ರಿ. ನಿಮ್ಮ ಕಡೇನ ಏನೋ ಆಗಾಕತೈತಿ.”

ನಾನು ನಕ್ಕೆ. ಮುಗುಳ್ನಗೆಯಲ್ಲ, ತಲೆ ಹಿಂದಕ್ಕೆ ಹಾಕಿ ನಕ್ಕೆ. “ಕಂಪ್ಯೂಟರಿಗೆ ಅಮಾಸಿ ಹುಣ್ಣಿಮಿ ಗೊತ್ತಿಲ್ಲ ಮಕ್ತುಂಸಾಬ. ಅದಕ್ಕ ದೆವ್ವಾನೂ ಬಡಿಯಂಗಿಲ್ಲ” ಎಂದೆ. ಇಡೀ ಸಭೆ ನಕ್ಕಿತು. ಬೀಗ ಜಡಿದವರೂ ನಕ್ಕರು. ಮಕ್ತುಂಸಾಬ ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಮುಂದಿನ ಆದೇಶದವರೆಗೆ ಕೆಲಸದಿಂದ ದೂರವಿಡಲಾಗಿದೆ ಎಂದು ಪಿಡಿಒ ಬರೆದರು. ಊರಿನಲ್ಲಿ ಅಂದಿನಿಂದ ಅವರ ಹೆಸರು ‘ನೀರ್ಗಳ್ಳ’.

ನಾನು ಜೀಪು ಹತ್ತುವಾಗ ನೀಲವ್ವ ಎಂಬ ಮುದುಕಿ ಅಡ್ಡ ನಿಂತಳು. ಬೀಗ ಜಡಿದವರಲ್ಲಿ ಮೊದಲಿನವಳೇ ಆಕೆ. “ನಕ್ಕಿ ಛಲೋ ಆತವಾ. ಆದ್ರ ಆ ಹೊಂಡದಾಗ ನೀರ ಐತೋ ಇಲ್ಲೋ, ಯಾರರ ಹೋಗಿ ನೋಡೀರೇನು?” ಎಂದಳು. ಉತ್ತರ ಕೊಡದಿದ್ದರೆ ಬಿಡುವವಳಂತೆ ಕಾಣಲಿಲ್ಲ. ಸಾಹೇಬರು ಗಡಿಯಾರ ನೋಡುತ್ತಿದ್ದರು. ನಾನು ಹೋಗಿ ನೋಡಿದೆ. ಹೊಂಡದ ತಳ ಒಡೆದು ಬಾಯಿ ಬಿಟ್ಟಿತ್ತು. ಒಂದು ಓತಿಕೇತ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಐದು ದಿನದ ಹಿಂದೆ ಅಲ್ಲಿ ಒಂದೂವರೆ ಗಂಟೆ ನೀರು ಬಿದ್ದಿದ್ದರೆ ಆ ಮಣ್ಣು ಹಾಗಿರುತ್ತಿರಲಿಲ್ಲ. ಜೀಪಿನಲ್ಲಿ ಇದನ್ನು ಹೇಳಿದೆ. “ಬಿಸಿಲಿಗೆ ಇಂಗೈತಿ, ಬಿಡ್ರಿ” ಎಂದರು ಸಾಹೇಬರು. ಅವರ ಪಾಲಿಗೆ ಕೇಸು ಮುಗಿದಿತ್ತು.

ನನ್ನ ಪಾಲಿಗೆ ಮುಗಿಯಲಿಲ್ಲ. ಇದು ಕರುಣೆಯಿಂದ ಅಲ್ಲ ಎಂದು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ನನ್ನ ಲಾಗಿಗೂ ಆ ಒಣಗಿದ ಹೊಂಡಕ್ಕೂ ತಾಳೆಯಾಗುತ್ತಿರಲಿಲ್ಲ, ಅದು ಹಲ್ಲಿನ ಸಂದಿಯ ಜೋಳದ ಸಿಪ್ಪೆಯಂತೆ ಕಾಡುತ್ತಿತ್ತು. ಮೇ ತಿಂಗಳ ಅಮಾವಾಸ್ಯೆಗೆ ಆ ಹಳ್ಳಿಗೇ ಹೋಗಿ, ಹತ್ತು ಗಂಟೆಗೆ ನೀರು ಬೀಳುವುದನ್ನು ಕಣ್ಣಾರೆ ಕಂಡು, ಮುದುಕಿಯ ಬಾಯಿಯನ್ನೂ ನೀರಗಂಟಿಯ ಬಾಯಿಯನ್ನೂ ಮುಚ್ಚಿಸಬೇಕೆಂದು ತೀರ್ಮಾನಿಸಿದೆ. ಕಂಟ್ರೋಲ್ ರೂಮಿನಲ್ಲಿ ಯಾರಿಗೂ ಹೇಳಲಿಲ್ಲ.

ಬಸ್ಸಿನಿಂದಿಳಿದಾಗ ಒಂಬತ್ತೂವರೆ. ಮಕ್ತುಂಸಾಬರ ಮನೆಗೆ ಹೇಳಿ ಕಳಿಸಿದೆ. ಬಂದರು, ನಮಸ್ಕಾರ ಮಾಡಲಿಲ್ಲ. “ನನ್ನ ಕಡೆ ಕೀಲಿ ಇಲ್ರಿ. ನಿಂತು ನೋಡಾಕ ಕೀಲಿ ಬೇಕಾಗಂಗಿಲ್ಲ, ನಡೀರಿ” ಎಂದರು. ತೊಟ್ಟಿಯ ಬುಡದಲ್ಲಿ ನೀರು ಏರುವ ಕಬ್ಬಿಣದ ಪೈಪಿನ ಮೇಲೆ ಅಂಗೈ ಇಟ್ಟು ನಿಂತರು. ಮೇ ಬಿಸಿಲಿಗೆ ಕಾದ ಪೈಪು. ನೀರು ಬಂದರೆ ಮೊದಲು ತಣ್ಣಗಾಗುತ್ತದೆ, ಆಮೇಲೆ ಸದ್ದು. ಹತ್ತಾಯಿತು. ಹತ್ತೂ ಐದು, ಹತ್ತೂ ಹತ್ತು. ಅವರು ನನ್ನ ಕೈ ಹಿಡಿದು ಮುಟ್ಟಿಸಲಿಲ್ಲ, ಗದ್ದದಿಂದ ಪೈಪಿನತ್ತ ಸನ್ನೆ ಮಾಡಿದರು. ಮುಟ್ಟಿದೆ. ಚುರುಗುಟ್ಟಿತು.

ಮೊಬೈಲಿನಲ್ಲಿ ಲಾಗ್ ತೆರೆದೆ. ಹತ್ತು ಗಂಟೆ, ರನ್ನಿಂಗ್. ಹತ್ತೂ ಐದು, ರನ್ನಿಂಗ್. ಹತ್ತೂ ಹತ್ತು, ರನ್ನಿಂಗ್. ಕಂಟ್ರೋಲ್ ರೂಮಿನ ಆಪರೇಟರ್ ಈರಣ್ಣನಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. ಹಿಂದೆ ಗಂಟೆ ಬಾರಿಸುವ ಸದ್ದು. “ಮಂಗಳಾರತಿ ನಡದೈತ್ರಿ ಮೇಡಂ, ಆಮ್ಯಾಲ ಮಾಡ್ತೀನಿ” ಎಂದು ಇಟ್ಟುಬಿಟ್ಟ.

ಮಂಗಳಾರತಿ ನನಗೆ ಹೊಸದಲ್ಲ. ಈರಣ್ಣ ಪ್ರತಿ ಅಮಾವಾಸ್ಯೆಗೂ ಜನರೇಟರ್, ಪ್ಯಾನಲ್ ಬೋರ್ಡು, ಸರ್ವರಿನ ಕಪಾಟು ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತಿದ್ದ. ನಮ್ಮ ಕಡೆ ಗಿರಣಿ, ಲಾರಿ, ಅಂಗಡಿ, ಎಲ್ಲೆಲ್ಲೂ ಇರುವ ರೂಢಿ. ಮರುದಿನ ನನ್ನ ಪಾಲಿನ ನೈವೇದ್ಯದ ಸಜ್ಜಕವನ್ನು ಡಬ್ಬಿಯಲ್ಲಿ ಕೊಡುತ್ತಿದ್ದ, ನಾನು ತಿನ್ನುತ್ತಿದ್ದೆ. ಅದಕ್ಕೂ ನೀರಿಗೂ ಸಂಬಂಧ ಕಲ್ಪಿಸುವಷ್ಟು ಬುದ್ಧಿ ನನಗಿರಲಿಲ್ಲ.

ತೊಟ್ಟಿಯ ನೆರಳಿನಲ್ಲಿ ಕಲ್ಲಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದು, ಸರ್ವರಿಗೆ ಲಾಗಿನ್ ಆಗಿ, ಪ್ರೊಸೆಸ್‌ಗಳ ಪೂರ್ತಿ ಪಟ್ಟಿ ತೆಗೆದೆ. ಆ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಸ್ಥಿತಿ ಎಂಬ ಒಂದು ಕಾಲಂ ಇರುತ್ತದೆ. ಆರ್ ಎಂದಿದ್ದರೆ ಓಡುತ್ತಿದೆ. ಎಸ್ ಎಂದಿದ್ದರೆ ಕೆಲಸ ಬರಲೆಂದು ಕಾಯುತ್ತಿದೆ. ನಮ್ಮ ಪ್ರೊಸೆಸ್ಸಿನ ಮುಂದೆ ಟಿ ಎಂದಿತ್ತು. ಅಂದರೆ ಯಾರೋ ಅದನ್ನು ಬೇಕೆಂದೇ ತಡೆದು ನಿಲ್ಲಿಸಿದ್ದಾರೆ. ಸತ್ತಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಹೆಸರಿದೆ. ಕೆಲಸ ಮಾಡುತ್ತಿಲ್ಲ, ಆದ್ದರಿಂದ ವಾಲ್ವಿಗೆ ಆಜ್ಞೆ ಇಲ್ಲ. ನನ್ನ ಹದಿನೇಳು ಸಾಲಿನ ಸ್ಕ್ರಿಪ್ಟ್ ಹೆಸರನ್ನಷ್ಟೇ ಹುಡುಕಿ, ರನ್ನಿಂಗ್ ಎಂದು ಬರೆದು, ಮಲಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಚಹಾದಂಗಡಿಗೆ ಹೋದ ಗುಮಾಸ್ತನನ್ನು ಕೆಲಸದಲ್ಲಿದ್ದಾನೆ ಎಂದು ಬರೆದಂತೆ.

“ಏನ್ ಕಾಣತೈತ್ರಿ?” ಎಂದರು ಮಕ್ತುಂಸಾಬ.

“ನಿಮ್ಮ ಮಾತು ಖರೇ ಐತಿ” ಎಂದೆ. ಅವರು ಪೈಪಿನಿಂದ ಕೈ ತೆಗೆದು, ಧೋತರಕ್ಕೆ ಒರೆಸಿಕೊಂಡು, ಮನೆ ಕಡೆ ನಡೆದರು. ಅವತ್ತು ಶುಕ್ರವಾರ, ನಮಾಜಿಗೆ ತಯಾರಾಗಬೇಕಿತ್ತು. ಹನ್ನೊಂದೂ ನಲವತ್ತೈದಕ್ಕೆ ನನ್ನ ಕಣ್ಣೆದುರೇ ಟಿ ಹೋಗಿ ಎಸ್ ಬಂತು. ಮರುಕ್ಷಣ ದಾಖಲೆಯಲ್ಲಿ ಒಂದು ಸಾಲು ಮೂಡಿತು: ಹತ್ತರಿಂದ ಹನ್ನೊಂದೂವರೆ, ಪಾಳಿ ಪೂರ್ಣ. ಪ್ರೋಗ್ರಾಂ ಬರೆದ ಮಹಾನುಭಾವ, ಸಮಯ ಮುಗಿದ ಪಾಳಿಗಳನ್ನೆಲ್ಲ ಪೂರ್ಣವೆಂದು ಬರೆಯುವಂತೆ ಮಾಡಿದ್ದ. ಇಷ್ಟು ಹೊತ್ತು ಹಿಂದಿನ ಪಾಳಿಯ ಹಳ್ಳಿಯ ವಾಲ್ವ್ ತೆರೆದೇ ಇತ್ತು, ಅಲ್ಲಿ ತೊಟ್ಟಿ ತುಂಬಿ ಹರಿದಿತ್ತು. ನೀರು ಹೆಚ್ಚು ಬಂತೆಂದು ಅರ್ಜಿ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.

ಮಧ್ಯಾಹ್ನ ಕಂಟ್ರೋಲ್ ರೂಮಿಗೆ ಹೋಗಿ ಈರಣ್ಣನನ್ನು ಹಿಡಿದೆ. ಮೂವತ್ತೆಂಟು ವಯಸ್ಸಿನ, ಇಬ್ಬರು ಮಕ್ಕಳ ತಂದೆ, ಕೆಲಸದಲ್ಲಿ ಚುರುಕು. ಮುಚ್ಚಿಡಲಿಲ್ಲ.

“ತಿರಗೂ ಗಾಲಿಗೆ ಕುಂಕಮ ಹಚ್ಚಬಾರದ್ರಿ ಮೇಡಂ. ನಮ್ಮಪ್ಪ ಕುಂದಗೋಳದಾಗ ಹಿಟ್ಟಿನ ಗಿರಣಿ ನಡಸ್ತಿದ್ದ. ಅಮಾಸಿ ದಿನ ಗಿರಣಿ ನಿಂದರಸಿ ಪೂಜಿ ಮಾಡಿ, ದೀಪದ ಎಣ್ಣಿ ತಾನಾಗೆ ತೀರೂತನಕ ಚಾಲೂ ಮಾಡ್ತಿದ್ದಿಲ್ಲ. ಇಲ್ಲೂ ಮದಲ ಬಂದ್ ಮಾಡ್ತಿದ್ದೆ. ನಿಮ್ಮ ಸ್ಕ್ರಿಪ್ಟ್ ಬಂದಮ್ಯಾಲ ಐದ ಮಿನಿಟಿಗೆ ಅದನ್ನ ಎಬ್ಬಸ್ತೈತಿ, ಸಾಹೇಬ್ರಿಗೆ ಮೆಸೇಜ್ ಹೊಡೀತೈತಿ. ಅದಕ್ಕ ನೆಟ್ಟಿನಾಗ ಹುಡಕಿ ಈ ತಡಿಯೂ ಕಮಾಂಡ್ ತಗದೆ.”

“ಹತ್ತಕ್ಕ ಒಂದು ಊರಿನ ಪಾಳಿ ಐತಿ ಅಂತ ಗೊತ್ತಿದ್ದಿಲ್ಲೇನು ನಿನಗ?”

“ಗೊತ್ತಿತ್ರಿ. ಗಿರಣಿ ನಿಂತ್ರ ಡಬ್ಬಿಯಾಗಿನ ಜ್ವಾಳ ಎಲ್ಲಿ ಹೋಗತೈತ್ರಿ? ಚಾಲೂ ಆದಕೂಡ್ಲೆ ಬೀಸೇ ಬೀಸತೈತಿ. ಇದೂ ಹಂಗ, ತಡದ ಪಾಳಿ ಆಮ್ಯಾಲ ಬಿಡತೈತಿ ಅಂತ ತಿಳದಿದ್ದೆ.”

ಗಿರಣಿಯ ಮಗ ಗಿರಣಿಯಂತೆಯೇ ಯೋಚಿಸಿದ್ದ. ಆದರೆ ನಮ್ಮ ಪ್ರೊಸೆಸ್ ಕಾಳು ನೋಡುವುದಿಲ್ಲ, ಗಡಿಯಾರ ನೋಡುತ್ತದೆ. ಹೊತ್ತು ಮೀರಿದ ಪಾಳಿ ಅದಕ್ಕೆ ಮುಗಿದ ಪಾಳಿ. ನನ್ನ ಸ್ಕ್ರಿಪ್ಟಿಗೆ ಮೊದಲೂ ಅಮಾವಾಸ್ಯೆಗೆ ನೀರು ತಪ್ಪಿರಬೇಕು, ವಾರಕ್ಕೆರಡು ಸಾವಿನ ನಡುವೆ ಅದು ಯಾರಿಗೂ ಕಂಡಿರಲಿಲ್ಲ. ಅವತ್ತು ನಾನು ಅವನಿಗೆ ಬೈದ ಮಾತುಗಳು ಅಚ್ಚಿಗೆ ತಕ್ಕವಲ್ಲ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ್ದು ಒಂದೇ: “ಮಕ್ತುಂಸಾಬನ ಮ್ಯಾಲ ಬಂದೈತಿ ಅಂತ ನನಗ್ಯಾರೂ ಹೇಳಲಿಲ್ರಿ. ನೀವೂ ಹೇಳಲಿಲ್ಲ.” ನಿಜ. ವಿಚಾರಣೆಗೆ ಹೋಗುವ ಮುನ್ನ ಆಪರೇಟರನ್ನು ಒಂದು ಮಾತು ಕೇಳಬೇಕೆಂದು ನನಗೆ ತೋಚಿರಲಿಲ್ಲ. ಲಾಗ್ ಇತ್ತಲ್ಲ.

ವರದಿ ಬರೆದು ಸಾಹೇಬರಿಗೆ ಕೊಟ್ಟೆ. ನಾಲ್ಕು ಪುಟ. ಓದಿ ಮಡಚಿಟ್ಟರು. “ಸೆನ್ಸರ್ ಕೆಟ್ಟಿತ್ತಂತ ಬರದು ಮುಗಸ್ರಿ. ಈಗ ಅವನ್ನ ತಿರಗಿ ತಗೊಂಡ್ರ ನಾವು ತಪ್ಪು ಮಾಡಿದಂಗ ಆಗತೈತಿ” ಎಂದರು.

“ತಪ್ಪು ಮಾಡೇವಿ, ಅದಕ್ಕ ಹಂಗ ಆಗತೈತ್ರಿ” ಎಂದೆ.

“ನಿಮ್ಮ ಸ್ಕ್ರಿಪ್ಟಿಂದನೂ ತಪ್ಪೈತಿ, ಮರೀಬ್ಯಾಡ್ರಿ. ನಿಮ್ಮ ಕಾಂಟ್ರ್ಯಾಕ್ಟ್ ಜೂನಿಗೆ ಮುಗೀತೈತಿ.”

ಹೆದರಿಸಿದರೆ ನನಗೆ ಧೈರ್ಯ ಬರುತ್ತದೆ. ಇದು ಸದ್ಗುಣವಲ್ಲ, ಮೊಂಡುತನ. ಆ ವಾರವೇ ವರದಿಯ ಪ್ರತಿಯನ್ನು ಪಿಡಿಒ ಕೈಗೆ ಕೊಟ್ಟು, ವಿಚಾರಣೆ ಎಲ್ಲಿ ನಡೆಯಿತೋ ಅಲ್ಲಿಯೇ, ಅದೇ ಜನರ ಮುಂದೆ ಇದನ್ನೂ ಓದಲು ಅವಕಾಶ ಕೇಳಿದೆ. ಚುನಾವಣೆ ಮುಗಿದಿತ್ತು, ಯಾರಿಗೂ ಅಡ್ಡಿ ಇರಲಿಲ್ಲ.

ಜನ ಅರ್ಧದಷ್ಟೂ ಬಂದಿರಲಿಲ್ಲ. ಕಳ್ಳ ಸಿಕ್ಕನೆಂದರೆ ಬರುವಷ್ಟು ಜನ, ಕಳ್ಳನಲ್ಲವೆಂದರೆ ಬರುವುದಿಲ್ಲ. ನಾಲ್ಕೂ ಪುಟ ನಿಂತುಕೊಂಡು ಓದಿದೆ. ಸ್ಕ್ರಿಪ್ಟ್ ಬರೆದವಳು ನಾನು, ಅದು ಹೆಸರನ್ನಷ್ಟೇ ನೋಡುತ್ತಿತ್ತು, ಆ ಐವತ್ತೇಳು ಸಾಲುಗಳಲ್ಲಿ ಒಂದಕ್ಕೂ ಸಾಕ್ಷಿಯ ಬೆಲೆ ಇಲ್ಲ, ಮಕ್ತುಂಸಾಬರ ಮೇಲಿನ ಆರೋಪ ಸುಳ್ಳು ಎಂದು ಬಿಡಿಸಿ ಹೇಳಿದೆ. ಪಿಡಿಒ ಅವರನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡು, ಕೀಲಿ ಮುಂದೆ ನೀಡಿದರು.

ಮಕ್ತುಂಸಾಬ ತಕ್ಷಣ ತೆಗೆದುಕೊಳ್ಳಲಿಲ್ಲ. ನನ್ನತ್ತ ತಿರುಗಿದರು. “ಎಲ್ಲಾ ಬರದೀರಿ ಮೇಡಮ್ಮಾರ. ಆ ದಿನ ನೀವು ನಕ್ಕಿದ್ದು ಇದರಾಗ ಬರಲಿಲ್ಲಲ್ರಿ.”

ಕ್ಷಮೆ ಕೇಳಿದೆ, ಕೇಳಿದ್ದು ನನಗೇ ಸಣ್ಣದಾಗಿ ಕೇಳಿಸಿತು. ಅವರು ಕೀಲಿ ತೆಗೆದುಕೊಂಡು ಸೊಂಟಕ್ಕೆ ಕಟ್ಟಿ, ಹೊರಗೆ ಹೋದರು. ನನಗೆ ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಮೇಲಿನವರಿಂದ ತಿಂದ ಬೈಗುಳವೆಲ್ಲ ಸೇರಿದರೂ ಅಷ್ಟು ನಾಚಿಕೆ ಆಗಿರಲಿಲ್ಲ.

ಸ್ಕ್ರಿಪ್ಟನ್ನು ಆಮೇಲೆ ತಿದ್ದಿದೆ. ಈಗ ಅದು ಸ್ಥಿತಿಯ ಕಾಲಂ ನೋಡುತ್ತದೆ, ಪ್ರೊಸೆಸ್ ಕೊನೆಯ ಆಜ್ಞೆ ಕಳಿಸಿ ಎಷ್ಟು ನಿಮಿಷವಾಯಿತೆಂದೂ ನೋಡುತ್ತದೆ. ಈರಣ್ಣನ ಪೂಜೆಯನ್ನು ಯಾವ ಹಳ್ಳಿಯ ಪಾಳಿಯೂ ಇಲ್ಲದ ಮಧ್ಯಾಹ್ನ ಎರಡರಿಂದ ಮೂರಕ್ಕೆ ಇಟ್ಟೆವು. ದೀಪಕ್ಕೆ ಎಣ್ಣೆ ಕಡಿಮೆ ಹಾಕಲು ಅವನು ಒಪ್ಪಿದ. ಜೂನಿನಲ್ಲಿ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಿತು, ಬೇರೆ ಯಾರೂ ಆ ಪಗಾರಕ್ಕೆ ಬರಲಿಲ್ಲ ಎಂಬ ಕಾರಣಕ್ಕೆ. ಇವೆಲ್ಲಕ್ಕಿಂತ ಮುಖ್ಯವಾದ ಬದಲಾವಣೆಗೆ ಒಂದು ಸಾಲಿನ ಕೋಡೂ ಬೇಕಾಗಲಿಲ್ಲ. ಯಾವುದೇ ಹಳ್ಳಿಯ ಪಾಳಿ ಶುರುವಾಗಿ ಹದಿನೈದು ನಿಮಿಷಕ್ಕೆ ಅಲ್ಲಿನ ನೀರಗಂಟಿಗೆ ಆಪರೇಟರ್ ಫೋನ್ ಮಾಡಿ, ನೀರು ಬಂತೇ ಎಂದು ಕೇಳಿ, ಅವರು ಹೇಳಿದ್ದನ್ನು ದಾಖಲೆಯಲ್ಲಿ ಬರೆಯಬೇಕು. ಅವರ ಮಾತಿಗೂ ಲಾಗಿಗೂ ತಾಳೆಯಾಗದಿದ್ದರೆ ಲಾಗ್ ಸುಳ್ಳೆಂದು ಹಿಡಿದು ಹುಡುಕಬೇಕು. ಈ ಕೆಲಸ ನನಗೆ ಕಲಿಸಿದ್ದು ಇದು: ಯಂತ್ರ ಬದುಕಿದೆಯೇ ಎಂದು ಯಂತ್ರವನ್ನು ಕೇಳಬಹುದು, ಅದು ಕೆಲಸ ಮಾಡಿತೇ ಎಂದು ಮಾತ್ರ ಪೈಪಿನ ಆ ತುದಿಯಲ್ಲಿ ಕೈಯಿಟ್ಟು ನಿಂತವರನ್ನೇ ಕೇಳಬೇಕು, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು.

ಮಕ್ತುಂಸಾಬರ ಹಳ್ಳಿಗೆ ಫೋನ್ ಮಾಡುವ ಕೆಲಸ ನಾನೇ ಇಟ್ಟುಕೊಂಡೆ. ಎರಡು ವರ್ಷ, ಪ್ರತಿದಿನ ಹತ್ತೂಕಾಲಿಗೆ. “ನೀರ ಬಂತ್ರಿ” ಎಂದು ಮಕ್ತುಂಸಾಬ ಇಟ್ಟುಬಿಡುತ್ತಿದ್ದರು. ಒಮ್ಮೆ ಈದ್ ಶುಭಾಶಯ ಹೇಳಿದೆ, ಅಷ್ಟರಲ್ಲಿ ಲೈನು ಕಡಿದುಹೋಗಿತ್ತು. ಒಮ್ಮೆ ಅವರ ಮೊಣಕಾಲು ನೋವಿನ ಬಗ್ಗೆ ಕೇಳಿದೆ, “ನೀರ ಬಂತ್ರಿ” ಎಂದರು. ಕೆಲಸ ಬಿಟ್ಟ ಕೊನೆಯ ದಿನವೂ ಫೋನ್ ಮಾಡಿದೆ. “ಮಕ್ತುಂಸಾಬ, ನಾಳಿಂದ ನಾ ಇರಂಗಿಲ್ರಿ. ಬ್ಯಾರೇದವರು ಫೋನ್ ಮಾಡ್ತಾರ” ಎಂದೆ. ಆ ಕಡೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

“ನೀರ ಬಂತ್ರಿ” ಎಂದರು, ಇಟ್ಟುಬಿಟ್ಟರು.